ಮುದಕವ್ವನ ಕೌದಿ ಹತ್ತಿದ ವಿಮಾನ

"ಹುಬ್ಬಳ್ಳಿ ಹಂಚಿನ ಮ್ಯಾಲಿನ ರೊಟ್ಟಿ ನಿನ್ನ ತಾಟಿನ್ಯಾಗ ಉಗಿ ಹಾಯೂ ಹಂಗ ಇಡತೇನಿ. ಆರಿತ್ತು ಅಂದ್ರ ನನ್ನ ಹೆಸರು ಬದಲಿ ಮಾಡು."

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಖಾನಾವಳಿ ನಡೆಸುವ ಮುದಕವ್ವ ಫೋನಿನಲ್ಲಿ ಹೀಗೆ ಸಾರಿದಳು. ಆಕೆ ರೊಟ್ಟಿ ಬಡಿಯತೊಡಗಿದರೆ ಊರಾಚೆ ತುದಿಯ ಬೆಂಗೇರಿಯ ಹೆಂಗಸರು ಗುಡುಗೆಂದು ತಿಳಿದು ಒಣಹಾಕಿದ ಅರಿವೆ ತೆಗೆಯುತ್ತಿದ್ದರು. ಗಡಿಯಾರ ಆಕೆಗೆ ಬೇಡ. ಎರಡು ನಿಮಿಷಕ್ಕೊಂದು ರೊಟ್ಟಿ, ಊರೂರ ದೂರವೂ ಅದೇ ಲೆಕ್ಕ. ಧಾರವಾಡ ಇಪ್ಪತ್ತು ರೊಟ್ಟಿ.

ಫೋನಿನ ಆಚೆಗಿದ್ದವನು ತಮ್ಮ ಸೋಮಪ್ಪ, ಸಿಕಂದರಾಬಾದಿನಲ್ಲಿ ನೌಕರಿಗೆ ಹೋಗಿ ಅಲ್ಲೇ ಬೇರು ಬಿಟ್ಟವನು. ಅಕ್ಕನ ಮಗಳು ಯಶೋಧರಾಳ ಲಗ್ನಕ್ಕೆ ಸೋದರಮಾವನಾಗಿ ಬಾ ಅಂದರೆ, "ಭಾಳ ದೂರ ಅಕ್ಕಾ, ನನ್ನ ನಡ ಮುರೀತೈತಿ" ಎಂದು ರಾಗ ತೆಗೆದಿದ್ದ.

"ಹೈದರಾಬಾದಿಗೆ ವಿಮಾನದಾಗ ನಾನ್ನೂರು ಕಿಲೋಮೀಟರ್. ಸವ್ವಾ ತಾಸು, ಎಪ್ಪತ್ತೈದು ನಿಮಿಷ. ಮೂವತ್ತೇಳೂವರಿ ರೊಟ್ಟಿ."

"ಹಂಗಾರ ಬಿಸಿ ರೊಟ್ಟಿ ತೊಗೊಂಡು ಬಾ. ಬಿಸಿ ಇದ್ದರ ಲಗ್ನಕ್ಕ ಬರತೇನಿ. ಆರಿದ್ದರ ಮತ್ತ ಕರೀಬಾರದು."

ಹಳೇ ಸೀರೆ ಹೊಲಿದ ಏಳು ಪದರಿನ ಕೌದಿಯಲ್ಲಿ ರೊಟ್ಟಿ ಸುತ್ತಿಕೊಂಡು ಹೊರಟಳು. ಖಾನಾವಳಿಯಿಂದ ಎಸೆದ ರೊಟ್ಟಿ ವಿಮಾನ ನಿಲ್ದಾಣದ ಬಾಗಿಲಿಗೆ ಬೀಳುವಷ್ಟು ಹತ್ತಿರ. ಆದರೆ ಒಳಗೆ ಒಂದೂವರೆ ತಾಸು ಮೊದಲೇ ಕೂರಬೇಕೆಂಬುದು ಆಕೆಯ ಲೆಕ್ಕದಲ್ಲೇ ಇರಲಿಲ್ಲ.

"ಇಷ್ಟು ಲಗೂ ಯಾಕ ಕೂಡಸ್ತೀರಿ? ವಿಮಾನಕ್ಕ ಹೆಣ್ಣು ತೋರಸೋರೇನು?"

ತಪಾಸಣೆಯಾಕೆ ಕೌದಿಯ ಪದರು ಬಿಚ್ಚಿದಳು. ಘಮಕ್ಕೆ ಹಿಂದಿನ ಸಾಲು ಹಾವಿನಂತೆ ಸೊಟ್ಟಗಾಯಿತು.

"ಲಗೂ ಮುಚ್ಚವ್ವಾ, ಸೋದರಮಾವ ತಣ್ಣಗಾಗತಾನ."

ತಪಾಸಣೆಯಾಕೆ ಕೌದಿಯನ್ನೂ ನೋಡಿದಳು, ಮುದಕವ್ವನನ್ನೂ ನೋಡಿದಳು. ಯಾವ ಸೋದರಮಾವ ಎಂದು ಕೇಳುವ ಧೈರ್ಯವಾಗದೆ ಮುಚ್ಚಿಕೊಟ್ಟಳು.

ವಿಮಾನದಲ್ಲಿ ಕಣ್ಣು ಮುಚ್ಚಿ ರೊಟ್ಟಿ ಎಣಿಸಿದಳು. ಮೂವತ್ತಾರಕ್ಕೆ ಚಕ್ರ ನೆಲ ಮುಟ್ಟಿದವು. ಕೌದಿಯೊಳಗೆ ಕೈ ಹಾಕಿದರೆ ಇನ್ನೂ ಬೆಚ್ಚಗಿತ್ತು. ಅಲ್ಲಿಂದ ಹೊರಬಾಗಿಲ ತನಕ ಮುದಕವ್ವ ನೆಲದಿಂದ ಎರಡು ಗೇಣು ಮೇಲೆಯೇ ನಡೆದಳು.

ಆಮೇಲೆ ಟ್ಯಾಕ್ಸಿ, ನಲವತ್ತು ಕಿಲೋಮೀಟರ್. ಸಿಕಂದರಾಬಾದಿನ ದಾರಿ ತುಂಬ ಗಾಡಿ. ಈಕೆಯ ಟ್ಯಾಕ್ಸಿಯನ್ನು ಒಂದು ಎಮ್ಮೆ ಹಿಂದೆ ಹಾಕಿತು, ಅದರ ಕರು ಸಹ. ಅರವತ್ತು ರೊಟ್ಟಿ ಎಣಿಸಿ ಮುದಕವ್ವ ಎಣಿಕೆ ಬಿಟ್ಟಳು.

ಮನೆ ಮುಟ್ಟಿದ ಕೂಡಲೇ ಸೋಮಪ್ಪ ಕೌದಿಯಿಂದ ರೊಟ್ಟಿ ಎತ್ತಿ ತಾಟಿಗೆ ಬಡಿದ. 'ಟಣ್' ಎಂದಿತು, ಓಣಿಯ ಸಾಲಿಯ ಹುಡುಗರು ಗಂಟೆ ಹೊಡೆಯಿತೆಂದು ಮನೆಗೆ ಓಡಿದರು.

"ಏನಕ್ಕಾ, ಹೊಸಾ ಹೆಸರು ಏನಂತ ಇಡೂಣು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಮುದಕವ್ವ ಕೌದಿ ಝಾಡಿಸಿ ಅವನ ಹೆಗಲಿಗೇ ಹಾಕಿದಳು.

"ನಾನ್ನೂರು ಕಿಲೋಮೀಟರ್ ಬಂದಾಗ ರೊಟ್ಟಿ ಬೆಚ್ಚಗಿತ್ತು, ಆರಿದ್ದು ನಿಮ್ಮೂರಿನ ನಲವತ್ತು ಕಿಲೋಮೀಟರಿನ್ಯಾಗ. ದೂರ ಇರೂದು ಹುಬ್ಬಳ್ಳಿ ಅಲ್ಲೋ ತಮ್ಮಾ, ನಿನ್ನ ಮನಿ. ಏಳು, ಚೀಲಾ ತುಂಬು. ಈಗ ಹೊಂಟ್ರ ವಿಮಾನ ಮುಟ್ಟೂದ್ರಾಗ ಲಗ್ನದ ದಿನಾನ ಬರತೈತಿ."