ಶನಿವಾರ ಕಟ್ಟಿದ ಕುಚ್ಚು

ಓಬಳೇಶಪ್ಪ, ನಿನ್ನನ್ನು ನಾನು ಹಿಡಿದು ತಂದದ್ದು ಶುಕ್ರವಾರ. ಠಾಣೆಯ ಡೈರಿಯಲ್ಲಿ ಸೋಮವಾರ ಎಂದು ಬರೆದವನೂ ನಾನೇ — ಆಗ ಆ ಊರಿನ ಇನ್ಸ್‌ಪೆಕ್ಟರ್. ಊರಿನ ಹೆಸರು ಇಲ್ಲಿ ಬೇಡ, ನಮ್ಮಿಬ್ಬರಿಗೂ ಗೊತ್ತು.

ಸಾಹುಕಾರರ ಮನೆಯ ರೇಷ್ಮೆ ನೂಲು ಕಳುವಾಗಿತ್ತು; ಅವರ ಮಗ್ಗದಲ್ಲಿ ನೇಯುತ್ತಿದ್ದ ನಿನ್ನ ಮೇಲೆ ಗುಮಾನಿ. ಹಿಡಿಯುವ ಅಧಿಕಾರ ನನಗಿತ್ತು. ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಕರ್ತವ್ಯವೂ ಇತ್ತು — ಅದನ್ನು ತಪ್ಪಿಸಿಕೊಳ್ಳಲು ನನ್ನದೊಂದು ರೂಢಿ. ಮೂರು ದಿನ ಕೂರಿಸಿಕೊಂಡು ವಿಚಾರಿಸುವುದು, ಕೋರ್ಟಿಗೆ ಹಾಜರುಪಡಿಸುವ ದಿನವನ್ನೇ ಹಿಡಿದ ದಿನವೆಂದು ಬರೆಯುವುದು. ಶನಿವಾರ ನೀನು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ. ಕೈ ಖಾಲಿ ಇದೆಯಲ್ಲ ಎಂದು ನನ್ನ ಹೆಂಡತಿಯ ಹೊಸ ಸೀರೆ ತರಿಸಿ, ನಿನ್ನಿಂದ ಕುಚ್ಚು ಕಟ್ಟಿಸಿಕೊಂಡೆ. ಎಷ್ಟು ಚೆನ್ನಾಗಿ ಕಟ್ಟಿದ್ದೆ — ನೆನೆದರೆ ನಾಚಿಕೆಯಾಗುತ್ತದೆ.

ಸೋಮವಾರ ನಿನಗೆ ಜಾಮೀನು ಸಿಕ್ಕಿತು. ಮಂಗಳವಾರ ಸಾಹುಕಾರರು ಮತ್ತೆ ಬಂದರು. ಶನಿವಾರ ಮಧ್ಯಾಹ್ನವೂ ನೂಲು ಹೋಗಿದೆ, ನೀನು ಗೋಡೆ ಹಾರಿದ್ದನ್ನು ಕಾವಲುಗಾರ ಕಂಡಿದ್ದಾನೆ ಎಂದರು. ಅದು ಹಸಿ ಸುಳ್ಳು. ಹಾಗೆಂದು ಬಾಯಿಬಿಟ್ಟರೆ ನನ್ನ ಡೈರಿ ಬಯಲಾಗುತ್ತಿತ್ತು, ನನ್ನ ನೌಕರಿ — ಕೇಸು ಬರೆದೆ.

ಶನಿವಾರ ನೀನೆಲ್ಲಿದ್ದೆ ಎಂದು ಕೋರ್ಟಿನಲ್ಲಿ ನಿನ್ನ ವಕೀಲರು ನನ್ನನ್ನೇ ಕೇಳಿದರು. ನೀನು ನಿಂತಲ್ಲಿಂದಲೇ ಮೆಲ್ಲಗೆ ಅಂದೆ: "ಸಾರೇ ಹೇಳ್ತಾರೆ ಬುಡಿ ಸಾಮಿ. ಅವ್ರ ಕಣ್ಮುಂದೇನೇ ಇದ್ನಲ್ಲ."

"ಗೊತ್ತಿಲ್ಲ" ಎಂದೆ. ಉಳಿದದ್ದನ್ನು ಡೈರಿಯೇ ಹೇಳಿತು — ಸೋಮವಾರದವರೆಗೆ ನೀನು ಹೊರಗಿದ್ದೆಯೆಂದು.

ಆರು ತಿಂಗಳು ನೀನು ಜೈಲಿನಲ್ಲಿದ್ದೆ. ಹೊರಬಂದ ಮೇಲೆ ಯಾರೂ ನಿನಗೆ ಮಗ್ಗ ಕೊಡಲಿಲ್ಲ. ಮೊನ್ನೆ, ನಿವೃತ್ತನಾಗಿ ನಾನೀಗ ಇರುವ ಹಿಂದೂಪುರದಿಂದ ನೆಂಟರ ಮನೆಗೆಂದು ಕಲ್ಯಾಣದುರ್ಗಕ್ಕೆ ಹೋದಾಗ, ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನೀನು ಲೋಟ ತೊಳೆಯುತ್ತಿದ್ದೆ. ನೀನೇ ಮೊದಲು ಗುರುತು ಹಿಡಿದೆ. ಬೈಯುತ್ತೀಯೆಂದುಕೊಂಡೆ — ಬೈದಿದ್ದರೆ —

"ಕೂತ್ಕಳ್ಳಿ ಸಾರ್. ಅಮ್ಮಾರು ಬಾಗುಂಡಾರಾ, ಚೆಂದಾಗವ್ರಾ? ಆ ಸೀರೆ ಇನ್ನೂ ಐತಾ?"

ಇದೆ. ನಿನ್ನೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಆ ಸೀರೆಯನ್ನು ತಂದು ನನ್ನ ಮೇಜಿನ ಮೇಲಿಟ್ಟು ಒಳಗೆ ಹೋದಳು. ಈಗ ಕೋರ್ಟಿಗೆ ಕೊಡಲು ಹೇಳಿಕೆ ಬರೆಯುತ್ತಿದ್ದೇನೆ. ಪಿಂಚಣಿ ಹೋಗಬಹುದು, ನಾನೂ ಒಳಗೆ ಹೋಗಬಹುದು, ಹೋಗಲಿ. ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ. ಮೊದಲ ಸಾಲು ಬರೆದಾಯಿತು — ಶನಿವಾರ ಮಧ್ಯಾಹ್ನ ಓಬಳೇಶಪ್ಪ ನನ್ನ ಕಣ್ಣೆದುರೇ ಇದ್ದ.