ಹೆಂಗಸರ ಬಾಗಿಲ ಗೇಟಿನಕ್ಕ

ಕಬ್ಬಿಣದ ಅಗುಳಿ ಹಾಕಿ ತೆಗೆದು, ಹಾಕಿ ತೆಗೆದು ಅವಳ ಬಲಗೈ ಹೆಬ್ಬೆರಳಿನ ಉಗುರು ಕರ್ರಗಾಗಿ ಅಡ್ಡಕ್ಕೆ ಸೀಳಿತ್ತು. ಸಕಲೇಶಪುರದ ಸಂತೆ ಬೀದಿಯ ಟಾಕೀಸಿನಲ್ಲಿ ಹೆಂಗಸರ ಬಾಗಿಲು ಕಾಯುತ್ತಿದ್ದವಳು ಅವಳು. ನಮಗೆಲ್ಲ ಗೇಟಿನಕ್ಕ. ಈಗ ಆ ಜಾಗದಲ್ಲಿ ಟೈಲ್ಸ್ ಅಂಗಡಿ ಇದೆ.

ಭಾನುವಾರ ಕಾಫಿ ಎಸ್ಟೇಟುಗಳಿಗೆ ರಜ. ದೋಣಿಗಲ್ ಕಡೆಯ ಲೈನುಗಳಿಂದ, ಅಂದರೆ ತೋಟದ ಕೂಲಿಮನೆಗಳ ಸಾಲುಗಳಿಂದ, ಹೆಂಗಸರು ಟ್ರ್ಯಾಕ್ಟರ್ ಹತ್ತಿ ಮ್ಯಾಟಿನಿಗೆ ಬರುತ್ತಿದ್ದರು. ಅವರಲ್ಲಿ ನನ್ನವ್ವ ಒಬ್ಬಳು, ಅವಳ ತೊಡೆಯ ಮೇಲೆ ನಾನು. ಘಾಟಿಯಲ್ಲಿ ಯಾವುದಾದರೂ ಲಾರಿ ಕೆಟ್ಟು ದಾರಿಗೆ ಅಡ್ಡ ನಿಂತರೆ ನಮಗೆ ತಡವಾಗುತ್ತಿತ್ತು. ಬಾಲ್ಕನಿಯ ಸಾಹುಕಾರರಿಗೆ ಕಾಯುವ ವ್ಯವಧಾನವಿಲ್ಲ. ಗೇಟಿನಕ್ಕ ಮಾತ್ರ ಬಾಗಿಲು ತೆರೆದು, ಕರಿ ಪರದೆಯನ್ನು ಎತ್ತಿ ಹಿಡಿದು ನಿಂತುಬಿಡುತ್ತಿದ್ದಳು. ಹಗಲ ಬೆಳಕು ನೇರ ತೆರೆಯ ಮೇಲೆ ಬೀಳುತ್ತಿದ್ದರೆ ಯಾವ ಆಪರೇಟರ್ ತಾನೇ ಸಿನಿಮಾ ಶುರು ಮಾಡಿಯಾನು? ನಾವು ಓಡೋಡಿ ಬರುವಾಗಲೂ ಜಗಳ ನಡೆದೇ ಇರುತ್ತಿತ್ತು.

“ಪರದೆ ಬುಡಮ್ಮ, ಎಲ್ರೂ ಬೈತಾವ್ರೆ!” ಎಂದು ಮ್ಯಾನೇಜರ್.

“ಬೈಲಿ ಬುಡಿ ಸಾರ್. ವಾರವೆಲ್ಲ ಗಿಡದ ಬುಡದಾಗೆ ಬಗ್ಗಿರ್ತಾವೆ ಹೆಣ್ಮಕ್ಕಳು. ಪಿಚ್ಚರ್‌ನ ಮೊದ್ಲಿಂದ ನೋಡ್ಲಿ.”

ನಮ್ಮನ್ನೇನೂ ಮುದ್ದು ಮಾಡುತ್ತಿರಲಿಲ್ಲ. “ಓಡ್ರೇ, ನಿಮ್ ಸೀಟ್ನ ನಾನೇನ್ ತಲೆ ಮೇಲೆ ಹೊತ್ಕಂಡಿರ್ಲಾ?” ಎಂದು ಗದರುತ್ತಿದ್ದಳು. ಅವ್ವನಿಗೆ ಓದು ಬಾರದು. ಆದರೂ ಶುರುವಿನಲ್ಲಿ ತೆರೆಯ ಮೇಲೆ ಹೆಸರು ಬೀಳುವುದು ತಪ್ಪಿದರೆ ಸಿನಿಮಾ ನೋಡಿದ ಹಾಗೇ ಅಲ್ಲ ಅವಳಿಗೆ.

ಟಾಕೀಸು ಕೆಡವುವ ಮುಂಚೆ ಅದೇ ಹಾಲ್‌ನಲ್ಲಿ ಒಂದು ಸಭೆ ಸೇರಿತು. ಟಾಕೀಸಿನ ಇತಿಹಾಸದ ಪುಸ್ತಕ ಮಾಡಬೇಕೆಂದು ಊರಿನ ದೊಡ್ಡವರು ನೆನಪುಗಳನ್ನು ಹೇಳುತ್ತಿದ್ದರು. ಅಷ್ಟರಲ್ಲಿ ನಾನು ಆಲೂರಿನಲ್ಲಿ ಟೀಚರ್ ಆಗಿದ್ದೆ. ಬರೆದುಕೊಳ್ಳುವ ಕೆಲಸ ನನ್ನದು. ತೋಟದ ಮಾಲೀಕರೊಬ್ಬರು ಎದ್ದು, “ಲೈನಿನ ಜನ ನುಗ್ಗೋಕೆ ಶುರು ಮಾಡಿದ್ಮೇಲೆ ಮರ್ಯಾದಸ್ಥರು ಬರೋದು ಬಿಟ್ರು. ಟಾಕೀಸು ಹಾಳಾಗಿದ್ದೇ ಹಂಗೆ” ಎಂದರು. ಅನೇಕರು ತಲೆದೂಗಿದರು.

ಯಾರೂ ಕರೆಯದಿದ್ದರೂ ಬಂದು ಹಿಂದೆ ನಿಂತಿದ್ದ ಗೇಟಿನಕ್ಕ ಗುಡುಗಿದಳು. “ಯಾರ್ ಸ್ವಾಮಿ ಹಾಳ್ಮಾಡಿದ್ದು? ಮನೇಗೆ ಟಿವಿ ಬಂದಿದ್ದೇ ತಡ, ನೀವು ಇತ್ಲಾಗೆ ತಲೆ ಹಾಕ್ಲಿಲ್ಲ. ಕೊನೆ ಆಟಕ್ಕೂ ಬಂದಿದ್ದು ಲೈನಿನ ಹೆಣ್ಮಕ್ಕಳೇ. ಅದ್ನೂ ಬರ್ಕಳಿ ಟೀಚರಮ್ಮ!”

ನಾನು ಬರೆಯಲಿಲ್ಲ. ನಾನೂ ಲೈನಿನವಳೆಂದು ಆ ಸಭೆಗೆ ಗೊತ್ತಾಗಿಬಿಟ್ಟರೆ ಎಂಬ ನಾಚಿಕೆ. ತಲೆ ತಗ್ಗಿಸಿ ಕೂತೆ. ಹೊರಗೆ ಬಂದಾಗ ಅವಳು ನನ್ನ ಮುಖವನ್ನೇ ನೋಡಿದಳು. ಗುರುತು ಸಿಕ್ಕಿತ್ತು.

“ನಿಮ್ಮವ್ವ ಯಾರ್ ಮುಂದೂ ಹಿಂಗೆ ತಲೆ ಬಗ್ಗಿಸ್ದೋಳಲ್ಲ ಕಣವ್ವ,” ಎಂದಷ್ಟೇ ಹೇಳಿ ಹೊರಟುಹೋದಳು.

ಹೋದ ವರ್ಷ ಗೇಟಿನಕ್ಕ ತೀರಿಕೊಂಡಳು. ಮಾಲೀಕರ ಮಾತು ಪುಸ್ತಕದಲ್ಲಿ ಹಾಗೇ ಅಚ್ಚಾಗಿದೆ, ಅದನ್ನು ಬರೆದು ಕೊಟ್ಟವಳು ನಾನೇ. ಆ ಮಾತು ಸುಳ್ಳು. ಕೊನೆಯ ಆಟದವರೆಗೂ ಆ ಟಾಕೀಸನ್ನು ಉಳಿಸಿಕೊಂಡವರು ಲೈನಿನ ಹೆಂಗಸರು. ಅವರಲ್ಲಿ ನನ್ನವ್ವ ಇದ್ದಳು, ನಾನು ಅವಳ ಮಗಳು. ಪುಸ್ತಕ ಮತ್ತೆ ಅಚ್ಚಾದರೆ ಇದನ್ನೂ ಸೇರಿಸಲಿ. ಸೇರಿಸದಿದ್ದರೆ ನಾನೇ ಅಚ್ಚು ಹಾಕಿಸಿ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಹಂಚುತ್ತೇನೆ.