ಹೆಸರು ಹೇಳಬಾರದ ಮನೆಗಳು

ಸೂಲಗಿತ್ತಿಯರ ಕೂಟಕ್ಕೆ ಮೊದಲ ಅಮಾವಾಸ್ಯೆಯಂದು ಒಂಬತ್ತು ಮಂದಿ ಬಂದಿದ್ದರು. ಎರಡನೆಯ ಅಮಾವಾಸ್ಯೆಗೆ ಇಬ್ಬರು. ಆ ಇಬ್ಬರಲ್ಲಿ ಒಬ್ಬಳು ಕೂಟ ಕರೆದ ಭೀಮಬಾಯಿಯೇ.

ಭೀಮಬಾಯಿ ಮಳಖೇಡದವಳು. ಗಂಡ ಚಂದ್ರಾಮ ಕಾಗಿಣಾ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಆಚೆ ದಡದ ಊರುಗಳ ಹೆರಿಗೆಗೆ ಅವನೇ ಅವಳನ್ನು ದಾಟಿಸುತ್ತಿದ್ದ. ತಿರುಗಿ ಬರುವಾಗ ಏನನ್ನೂ ಕೇಳುತ್ತಿರಲಿಲ್ಲ. ತಾಯಿ ಉಳಿದಳೋ ಇಲ್ಲವೋ ಎಂಬುದು ಭೀಮಬಾಯಿ ಹರಿಗೋಲಿಗೆ ಕಾಲಿಡುವ ರೀತಿಯಲ್ಲೇ ಅವನಿಗೆ ತಿಳಿಯುತ್ತಿತ್ತು.

ಕೇಳಬಾರದೆಂಬುದು ಆ ಸೀಮೆಯ ಕಟ್ಟಳೆ. ಬಾಣಂತಿ ಸತ್ತ ಮನೆಯ ಹೆಸರನ್ನು ಸೂಲಗಿತ್ತಿ ಹೊರಗೆ ಆಡಬಾರದು. ಆಡಿದರೆ ಅವಳ ಕೈಗುಣ ಹೋಗುತ್ತದೆ, ಮುಂದಿನ ಮನೆಗೂ ಸಾವು ಹಿಂಬಾಲಿಸುತ್ತದೆ. ಭೀಮಬಾಯಿಗೆ ಅವಳ ಅತ್ತೆ ಈ ವಿದ್ಯೆ ಕಲಿಸುವಾಗ ಮೊದಲು ಕಲಿಸಿದ್ದು ಈ ಮೌನವನ್ನು. ಹೊಕ್ಕಳಬಳ್ಳಿ ಕೊಯ್ಯುವುದನ್ನು ಕಲಿಸಿದ್ದು ಆಮೇಲೆ.

ಕೂಟದ ಯೋಚನೆ ಹಮೀದಾಬೇಗಂಳದು. ಶಹಾಬಾದಿನ ದವಾಖಾನೆಯಲ್ಲಿ ನರ್ಸಾಗಿದ್ದ ಆಕೆ ತಿಂಗಳಿಗೊಮ್ಮೆ ರೈಲಿನಲ್ಲಿ ಚಿತ್ತಾಪುರಕ್ಕೆ ಬರಲು ಒಪ್ಪಿದ್ದಳು. ಅಮಾವಾಸ್ಯೆಯಂದು ಹೊಲದ ಕೆಲಸವಿಲ್ಲ, ಬಂಡಿಗಳು ಬಿಡುವಾಗಿರುತ್ತವೆ. ಹಾಗಾಗಿ ಆ ದಿನ. ೧೯೩೬ರ ಮಾತು ಅದು. ನಿಜಾಮರ ರಾಜ್ಯದಲ್ಲಿ ಗಂಡಸರು ಸಭೆ ಸೇರಲು ಸರ್ಕಾರದ ಅಪ್ಪಣೆ ಬೇಕಿತ್ತು. ಬೇವಿನ ಮರದ ಕೆಳಗೆ ಕೂತ ಹೆಂಗಸರನ್ನು ನೋಡಿದ ಪಟೇಲ, ಹೇನು ಹೆಕ್ಕುತ್ತಿದ್ದಾರೆ ಎಂದುಕೊಂಡು ಮುಂದೆ ಹೋದ.

ಸುದ್ದಿ ಮುಟ್ಟಿಸುವ ಕೆಲಸವನ್ನು ಬಳೆಗಾರ ಮಜೀದಸಾಬ ವಹಿಸಿಕೊಂಡಿದ್ದ. ಬಸುರಿ ಹೆಂಗಸರಿಗೆ ಹಸಿರು ಬಳೆ ಇಡಲು ಸೇಡಮ್ಮಿನಿಂದ ಚಿಂಚೋಳಿಯವರೆಗೆ ತಿರುಗುವವನಾದ್ದರಿಂದ ಯಾವ ಊರಿನ ಸೂಲಗಿತ್ತಿ ಯಾರೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಎರಡನೆಯ ಕೂಟ ಖಾಲಿಯಾದ ಮರುದಿನ ಭೀಮಬಾಯಿ ಅವನನ್ನು ಹೊಳೆ ದಂಡೆಯಲ್ಲಿ ತಡೆದು ನಿಲ್ಲಿಸಿದಳು.

“ಏನ್ ಮಜೀದಕಾಕಾ, ಎಲ್ಲರಿಗೂ ಹೇಳಿದ್ರೊ ಇಲ್ಲೊ?”

“ಹೇಳೀನವ್ವ. ಬಳಿ ತೊಗೊಳೋ ಮನಿಗೂ ಹೇಳೀನಿ, ಬರೇ ಮುಟ್ಟಿ ನೋಡಿ ಕಳಿಸೋ ಮನಿಗೂ ಹೇಳೀನಿ. ಸೇಡಂ ಕಡಿ ಮುಧೋಳದ ಸೂಲಗಿತ್ತಿ ಚಂದಮ್ಮ ಏನಂದಳು ಗೊತ್ತದೇನು? ‘ಆ ನರ್ಸಬಾಯಿ ಪೊಲೀಸರಂಗ ಕೇಳ್ತಾಳ. ಸತ್ತವರ ಹೆಸರು ಹೇಳಲಿಕ್ಕ ನಾ ಏನು ಸುಡಗಾಡ ಕಾಯಾಕಿ ಏನು’ ಅಂದಳು.”

ಭೀಮಬಾಯಿಗೆ ನಗು ಬಂತು, ನಕ್ಕ ಮೇಲೆ ಚಿಂತೆ ಬಂತು. ಮೊದಲ ದಿನವೇ ಹಮೀದಾಬೇಗಂ ಕೇಳಬಾರದ್ದನ್ನು ಕೇಳಿದ್ದು ನಿಜ: ಈ ವರ್ಷ ಯಾರ ಕೈಯಲ್ಲಿ ಎಷ್ಟು ಬಾಣಂತಿಯರು ಹೋದರು, ಯಾವ ಮನೆಯಲ್ಲಿ, ಎಷ್ಟನೆಯ ದಿನಕ್ಕೆ? ಒಂಬತ್ತು ಮಂದಿಯೂ ಸೆರಗು ಬಾಯಿಗಿಟ್ಟು ನೆಲ ನೋಡಿದ್ದರು.

ಮೂರು ದಿನ ಯೋಚಿಸಿ ಭೀಮಬಾಯಿ ಮಜೀದಸಾಬನ ಕೈಯಲ್ಲಿ ಹೊಸ ಮಾತು ಹೇಳಿ ಕಳಿಸಿದಳು. ಕೂಟದಲ್ಲಿ ಸತ್ತವರ ಮಾತಿಲ್ಲ. ಹಡೆದು ಹಗುರಾದವರ ಸುದ್ದಿ ಅಷ್ಟೇ. ಎಲ್ಲರೂ ರೊಟ್ಟಿ ಕಟ್ಟಿಕೊಂಡು ಬರಬೇಕು, ತಿಳಿದದ್ದನ್ನು ತೋರಿಸಬೇಕು.

ಬಂದರು. ಐದು ಮಂದಿ, ಆಮೇಲೆ ಎಂಟು. ಕಿರಿಯಳು ಮೊದಲು ಮಾತಾಡಬೇಕು ಎಂದಳು ಭೀಮಬಾಯಿ. ಹಿರಿಯರು ಮೊದಲು ಬಾಯಿ ತೆರೆದರೆ ಉಳಿದವರಿಗೆ ಹೇಳಲು ಏನೂ ಉಳಿಯದು. ಚಂದಮ್ಮ ಅಡ್ಡ ಮಲಗಿದ ಕೂಸನ್ನು ಎಣ್ಣೆಗೈಯಿಂದ ಹೊರಗಿನಿಂದಲೇ ತಿರುಗಿಸುವುದನ್ನು ಹಿಟ್ಟಿನ ಚೀಲದ ಮೇಲೆ ತೋರಿಸಿದಳು. ಅವಳ ಬೆರಳುಗಳ ಜಾಣತನ ನೋಡಿ ಎಲ್ಲರೂ ಉಸಿರು ಹಿಡಿದರು. ಹಮೀದಾಬೇಗಂ ದಾರವನ್ನೂ ಕತ್ತರಿಯನ್ನೂ ಕುದಿಸಲು ಕಲಿಸಿದಳು. ವರ್ಷ ತುಂಬುವ ಹೊತ್ತಿಗೆ ಹದಿನಾಲ್ಕು ಮಂದಿಯಾದರು.

ಹಮೀದಾಬೇಗಂಗೆ ಮಾತ್ರ ಸಮಾಧಾನವಿರಲಿಲ್ಲ. ರೈಲು ಕಾಯುತ್ತ ಸ್ಟೇಶನ್ನಿನ ಕಲ್ಲುಬೆಂಚಿನ ಮೇಲೆ ಕೂತಾಗ ಅವಳು ಹೇಳಿದಳು: “ಭೀಮಬಾಯಿ, ಬಾಣಂತಿಯ ನಂಜಿನ ಜ್ವರ ಸೂಲಗಿತ್ತಿ ಕೈಯಾಗ, ಸೀರ್‍ಯಾಗ ಕುಂತು ಇನ್ನೊಂದು ಮನಿಗಿ ಹೋಗ್ತದ. ಜ್ವರದ ಮನಿ ಮುಟ್ಟಿದಾಕಿ ಹದಿನೈದು ದಿನ ಮತ್ತೊಬ್ಬಾಕಿನ್ನ ಮುಟ್ಟಬಾರದು. ಇದನ್ನ ನಾ ಯಾವಾಗ ಹೇಳ್ಬೇಕು?”

“ಈಗ ಬ್ಯಾಡ್ರಿ ನರ್ಸಬಾಯಿ. ಹಂಗಂದ್ರ ಯಾವ ಮನಿ ಅಂತ ಹೇಳಬೇಕಾಗ್ತದ. ಎದ್ದು ಹೋಗ್ತಾರ. ಇನ್ನೊಂದು ವರ್ಷ ಕೂಡಲಿ, ಒಬ್ಬರಿಗೊಬ್ಬರ ಮನಸ ಹೊಂದಲಿ. ಆಮ್ಯಾಲ ಮಾತು ತಾನೇ ಬರ್ತದ.”

ಹಮೀದಾಬೇಗಂ ಒಪ್ಪಿದಳೆಂದಲ್ಲ. ಆ ಮಾತನ್ನು ಮುಂದಕ್ಕೆ ಹಾಕಿ ರೈಲು ಹತ್ತಿದಳು.

ಆ ಬೇಸಿಗೆಯಲ್ಲಿ ಭೀಮಬಾಯಿಯ ಒಬ್ಬಳೇ ಮಗಳು ತುಳಜಾ ಚೊಚ್ಚಲು ಹೆರಿಗೆಗೆ ತವರಿಗೆ ಬಂದಳು. ಹಡೆದ ತಾಯಿ ಮಗಳ ಹೆರಿಗೆಗೆ ಕೈಯಿಡುವಂತಿಲ್ಲ. ನೋವು ಕಂಡು ಕೈ ನಡುಗುತ್ತದೆ ಎನ್ನುತ್ತಾರೆ. ಹದಿಮೂರು ಮಂದಿಯಲ್ಲಿ ಯಾರನ್ನು ಕರೆಯಬೇಕೆಂದು ಭೀಮಬಾಯಿ ಒಂದು ಗಳಿಗೆಯೂ ಯೋಚಿಸಲಿಲ್ಲ. ಮುಧೋಳಕ್ಕೆ ಹೇಳಿ ಕಳಿಸಿದಳು.

ಚಂದಮ್ಮ ಬಂದಳು. ಗಂಟು ಇಳಿಸಿ ಕಟ್ಟೆಯ ಮೇಲೆ ಕೂತವಳು ಬಹಳ ಹೊತ್ತು ನೀರನ್ನೂ ಮುಟ್ಟಲಿಲ್ಲ.

“ಯಾಕ ಚಂದಕ್ಕ, ಮಾರಿ ಸೊರಗ್ಯದಲ್ಲ?”

“ಬಿಸಲಾಗ ಬಂದೆ ನೋಡು.” ಅಂಗೈ ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದಳು: “ಬ್ಯಾರೆ ಯಾರನ್ನರ ಕರೀಬೇಕಿತ್ತು ನೀ. ಈ ತಿಂಗಳ ನನ್ನ ಕೈ ಯಾಕೋ…”

“ಏನಾಗ್ಯದ ನಿನ್ನ ಕೈಗಿ? ಭಾಳ ಬೆಲೆ ತೋರಸಬ್ಯಾಡ. ನಿನ್ನ ಬಿಟ್ರ ನನ್ನ ಮಗಳನ್ನ ಯಾರ ಕೈಯಾಗ ಕೊಡ್ಲಿ?”

ಒಳಗಿನಿಂದ ತುಳಜಾ ನಕ್ಕಳು: “ಇಬ್ಬರೂ ಹಿಂಗೇ ಜಗಳಾಡಕೋತ ಕುಂದ್ರಿ, ನಾನೇ ಹಡಕೋತೀನಿ.”

ಚಂದಮ್ಮ ಹೊಳೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡು, ಅದೇ ಸೀರೆಯನ್ನು ಹಿಂಡಿ ಉಟ್ಟು ಬಂದಳು. ಮರುದಿನ ಮಧ್ಯಾಹ್ನ ತುಳಜಾ ಹೆಣ್ಣುಕೂಸು ಹಡೆದಳು. ಕತ್ತರಿ ಕುದಿಸಿದ್ದರು, ದಾರ ಕುದಿಸಿದ್ದರು. ಕಲಿತದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಮೂರನೆಯ ದಿನ ಜ್ವರ ಬಂತು. ಚಂದ್ರಾಮ ಶಹಾಬಾದಿಗೆ ಓಡಿದ. ಹಮೀದಾಬೇಗಂ ಬಂದು ತುಳಜಾಳ ಹೊಟ್ಟೆಯ ಮೇಲೆ ಕೈಯಿಟ್ಟು, ಭೀಮಬಾಯಿಯ ಮುಖ ನೋಡದೆ ಕೈ ತೊಳೆಯಲು ಎದ್ದಳು. ಆರನೆಯ ದಿನ ತುಳಜಾ ಹೋದಳು. ತಿಂಗಳು ತುಂಬಿದ ಮೇಲೆ ಕೂಸನ್ನು ಬೀಗರು ಒಯ್ದರು.

ಮಾತಾಡಿಸಲು ಬಂದ ಮಜೀದಸಾಬ ಸಾವಿನ ಮನೆಗೆ ಬಳೆ ತರಬಾರದೆಂದು ಹೆಗಲ ಮೇಲಿನ ಬಳೆಯ ಮಲಾರವನ್ನು ದೂರದ ಬೇಲಿಯ ಬಳಿ ಇಳಿಸಿ, ಬರಿಗೈಯಲ್ಲಿ ಬಾಗಿಲಿಗೆ ಬಂದ. ತಲೆ ತಗ್ಗಿಸಿಕೊಂಡೇ ಹೇಳಿದ: “ಏನು ಕಾಲ ಬಂತವ್ವ. ಮುಧೋಳದಾಗೂ ಹಂಗೇ ಆತು. ಚಂದಮ್ಮ ಹಡಿಸಿದ ಇಬ್ಬರು ಬಾಣಂತೇರು, ಒಂದೇ ಓಣ್ಯಾಗ, ಇಪ್ಪತ್ತು ದಿನದಾಗ. ಇಬ್ಬರಿಗೂ ನಾನೇ ಬಳಿ ಇಟ್ಟಿದ್ದೆ. ಎರಡನೇದಾಕಿನ್ನ ಮಣ್ಣು ಮಾಡಿದ ದಿನಾನೇ ಚಂದಮ್ಮ ನಿಮ್ಮ ಮನಿಗಿ ಹೊಂಟಿದ್ದಳು.”

“ನೀವ್ಯಾಕ ನಂಗ ಹೇಳಲಿಲ್ಲ ಕಾಕಾ?”

ಮಜೀದಸಾಬ ಗಾಬರಿಯಿಂದ ತಲೆಯೆತ್ತಿದ. “ನಾ ಹೇಳೋದೇನವ್ವ? ತಿಂಗಳಿಗೊಮ್ಮಿ ಕೂಡ್ತೀರಿ. ನಿಮ್ಮ ನಿಮ್ಮಾಗ ಹೇಳಿರಬೇಕು ಅಂತ ತಿಳಕೊಂಡಿದ್ದೆ.”

ಭೀಮಬಾಯಿ ಚಂದಮ್ಮನನ್ನು ಬೈಯಲಿಲ್ಲ. ಹದಿನೈದು ದಿನದ ಮಾತನ್ನು ಚಂದಮ್ಮನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಡಿ ಎಂದವಳು ತಾನೇ. ಇನ್ನು ಉಳಿದದ್ದು ಒಂದೇ ಪ್ರಶ್ನೆ: ಮುಂದಿನ ಅಮಾವಾಸ್ಯೆಗೆ ಬಾಯಿ ತೆರೆಯುವುದೋ, ಇಲ್ಲವೋ. ತೆರೆದರೆ ಕಷ್ಟಪಟ್ಟು ಕೂಡಿಸಿದ ಕೂಟ ಒಡೆಯುತ್ತದೆ, ಕೈಗುಣ ಹೋಯಿತೆಂದು ಊರು ಅವಳನ್ನು ಕರೆಯುವುದನ್ನು ಬಿಡುತ್ತದೆ. ತೆರೆಯದಿದ್ದರೆ ಜ್ವರ ಇನ್ನೊಂದು ಮನೆಗೆ ನಡೆಯುತ್ತದೆ. ಚಂದ್ರಾಮನನ್ನು ಕೇಳಿದಳು. ಅವನು ಹರಿಗೋಲಿನ ಹುಟ್ಟು ಒರೆಸುತ್ತ, “ಹೋಗಾಕಿ ಹೋಗ್ಯಾಳ,” ಎಂದಷ್ಟೇ ಹೇಳಿದ.

ಅಮಾವಾಸ್ಯೆಯಂದು ಹದಿನಾಲ್ಕೂ ಮಂದಿ ಬಂದರು. ದುಃಖದ ಮನೆಯವಳೆಂದು ಅವಳಿಗೆ ನಡುವೆ ಜಾಗ ಬಿಟ್ಟರು. ಅವಳ ಕೈಯಲ್ಲಿ ರೊಟ್ಟಿ ಇಟ್ಟರು. ಅವಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು:

“ಮಳಖೇಡದ ಚಂದ್ರಾಮನ ಮನ್ಯಾಗ, ತುಳಜಾ ಅನ್ನೋ ಬಾಣಂತಿ ನಂಜಿನ ಜ್ವರದಾಗ ಆರನೇ ದಿನಕ್ಕ ಸತ್ತಳು.”

“ಶಿವಶಿವಾ, ಬಾಯಿ ಮುಚ್ಚ ಭೀಮಕ್ಕ!” ಎಂದು ಯಾರೋ ಕೂಗಿದರು. ಒಬ್ಬಳು ಕಿವಿ ಮುಚ್ಚಿಕೊಂಡಳು. ಜಗಲಿಯಷ್ಟು ಅಗಲದ ಸೇಡಮ್ಮಿನ ಹೆಂಗಸೊಬ್ಬಳು ಎದ್ದು ಸೆರಗು ಝಾಡಿಸಿದಳು: “ನನ್ನ ಸೊಸಿ ಏಳು ತಿಂಗಳ ಬಸರಿ ಅದಾಳ. ಈ ನೆರಳು ನಂಗ ಬ್ಯಾಡ.” ಅವಳ ಹಿಂದೆ ಮತ್ತಿಬ್ಬರು, ಅವರ ಹಿಂದೆ ನಾಲ್ವರು. ಬಂಡಿಗಳು ಹೊರಟ ಸದ್ದು ಕೇಳಿಸಿತು.

ಚಂದಮ್ಮ ಕೂತೇ ಇದ್ದಳು. ಎಲ್ಲರೂ ಅವಳನ್ನು ನೋಡದಂತೆ ನೋಡುತ್ತಿದ್ದರು. ಕೊನೆಗೆ ಅವಳು ತನ್ನ ಎರಡೂ ಅಂಗೈ ಮುಂದೆ ಚಾಚಿ, ಯಾರದೋ ವಸ್ತು ಹಿಂದಿರುಗಿಸುವಂತೆ, ಮುಧೋಳದ ಆ ಇಬ್ಬರ ಹೆಸರು ಹೇಳಿದಳು. ಅಂದು ಹಮೀದಾಬೇಗಂ ಹದಿನೈದು ದಿನದ ಮಾತನ್ನು ಏಳು ಮಂದಿಗೆ ಹೇಳಿದಳು.

ಏಳೇ ಮಂದಿ ಉಳಿದರು. ಜ್ವರದ ಮನೆಯ ಹೆಸರು ಮಜೀದಸಾಬನ ಬಾಯಲ್ಲಿ ಊರೂರಿಗೆ ಹೋಗತೊಡಗಿತು. ಮುಟ್ಟಿದವಳು ಮನೆಯಲ್ಲಿ ಕೂರಬೇಕು, ಅವಳ ಕರೆಗೆ ಬೇರೊಬ್ಬಳು ಹೋಗಬೇಕು. ಮಳಖೇಡದ ಜನ ಭೀಮಬಾಯಿಯನ್ನು ಮೆಲ್ಲಗೆ ಬಿಟ್ಟರು. ಸತ್ತ ಮಗಳ ಹೆಸರನ್ನು ಮರದ ಕೆಳಗೆ ಕೂಗಿದವಳು ಎಂದರು. ಕುಂಬಾರ ಓಣಿಯ ಬಡವರು ಆಗೊಮ್ಮೆ ಈಗೊಮ್ಮೆ ಕರೆಯುತ್ತಿದ್ದರು. ದೊಡ್ಡ ಮನೆಗಳಲ್ಲಿ ಗುರುಲಿಂಗಮ್ಮನ ಮನೆಯೊಂದೇ ಉಳಿಯಿತು. ಆ ಮನೆಯ ನಾಲ್ಕು ಮಕ್ಕಳು ಭೀಮಬಾಯಿಯ ಕೈಯಲ್ಲೇ ಬಂದಿದ್ದವು.

೧೯೪೧ರ ಮಾಘದಲ್ಲಿ ಕುಂಬಾರ ಓಣಿಯ ಬಾಣಂತಿಗೆ ಜ್ವರ ಏರಿತು. ಭೀಮಬಾಯಿ ಅವಳನ್ನು ಶಹಾಬಾದಿಗೆ ಸಾಗಿಸಿ, ಅಂದೇ ಆ ಮನೆಯ ಹೆಸರು ಕಳಿಸಿ, ಗುರುಲಿಂಗಮ್ಮನ ಸೊಸೆಯ ದಿನ ಹತ್ತಿರವಾದವೆಂದು ವಾರದೊಳಗೆ ಬರಲು ಚಂದಮ್ಮನಿಗೂ ಹೇಳಿಕಳಿಸಿ ಮನೆಯಲ್ಲಿ ಕೂತಳು. ಏಳನೆಯ ದಿನ ಗುರುಲಿಂಗಮ್ಮ ತಾನೇ ಬಂದಳು.

“ಏಳು ಭೀಮಿ, ಸೊಸಿಗಿ ಬ್ಯಾನಿ ಹತ್ಯಾವ.”

“ನಾ ಬರಂಗಿಲ್ರಿ ಯವ್ವಾ. ಜ್ವರ ಮುಟ್ಟೀನಿ. ಇನ್ನ ಎಂಟು ದಿನ ಅದ. ಚಂದಕ್ಕ ಇವತ್ತ ಮಧ್ಯಾನದ ರೈಲಿಗಿ ಬರ್ತಾಳ.”

“ಊರೇ ಬಿಟ್ಟಾಗ ನಾ ನಿನ್ನ ಬಿಡಲಿಲ್ಲ. ಬಾಗಲಕ್ಕ ಬಂದು ಕರೀಲಿಕತ್ತೀನಿ, ಬರಂಗಿಲ್ಲ ಅಂತೀ?” ಗುರುಲಿಂಗಮ್ಮ ಬಾಗಿಲ ಚೌಕಟ್ಟು ಹಿಡಿದಳು. “ನೀ ಹೇಳದಿದ್ರ ಯಾರಿಗಿ ತಿಳೀತಿತ್ತು?”

ಭೀಮಬಾಯಿ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಳು. ಗುರುಲಿಂಗಮ್ಮ ಹೋದಳು.

ಮಧ್ಯಾಹ್ನದ ರೈಲಿಗೆ ಚಂದಮ್ಮ ಬಂದು ಅಂಗಳದಾಚೆ ನಿಂತಳು. ಭೀಮಬಾಯಿ ಹೊಸ್ತಿಲು ದಾಟದೆ ಕೇಳಿದಳು: “ಈ ತಿಂಗಳ ಯಾರ್‍ಯಾರ ಮನಿಗಿ ಹೋಗಿದ್ದಿ?”

ಚಂದಮ್ಮ ಮೂರು ಮನೆಗಳನ್ನು ಹೆಸರಿಟ್ಟು ಹೇಳಿದಳು. “ಯಾರಿಗೂ ಜ್ವರ ಇಲ್ಲ. ಕಡೀದು ಹನ್ನೆರಡು ದಿನ ಆತು.”

“ಹಂಗಾದ್ರ ಹೋಗು.”

ಹೊತ್ತು ಮುಳುಗುವ ಮೊದಲೇ ಕೂಸಿನ ಅಳು ಎರಡು ಮನೆಯಾಚೆಯಿಂದ ಕೇಳಿತು. ತಾಯಿಯೂ ಉಳಿದಳು. ಐದನೆಯ ದಿನ ಸೂಲಗಿತ್ತಿಗೆ ಕೊಡುವ ಸೀರೆ, ಕೊಬ್ಬರಿ, ಬೆಲ್ಲ ಚಂದಮ್ಮನ ಉಡಿಗೆ ಬಿದ್ದವು.

ಹದಿನೈದನೆಯ ದಿನ ಭೀಮಬಾಯಿ ತಲೆಗೆ ಎರೆದುಕೊಂಡು, ಒಗೆದ ಸೀರೆ ಉಟ್ಟು ಬಾಗಿಲಲ್ಲಿ ಕೂತಳು. ಕರೆಯಲು ಯಾರೂ ಬರಲಿಲ್ಲ. ಆ ವರ್ಷ ಯಾರೂ ಬರಲಿಲ್ಲ.